ಕಲಿಸಿದವರ ಲೆಕ್ಕ ಮುಗಿಯುವುದಿಲ್ಲ

ಹೊಳೆಹೊನ್ನೂರಿನ ನಮ್ಮ ಮಕ್ಕಳು ಬಸ್ಸು ಹತ್ತಿ ಶಿವಮೊಗ್ಗಕ್ಕೆ ಓದಲು ಹೋಗುತ್ತಾರೆ. ಅಲ್ಲಿನ ಸಹ್ಯಾದ್ರಿ ಕಾಲೇಜಿನಲ್ಲಿ ಒಂದು ಕಾಲಕ್ಕೆ ಕೆ.ಎಸ್. ನಿಸಾರ್ ಅಹಮದ್ ಭೂವಿಜ್ಞಾನದ ಮೇಷ್ಟ್ರಾಗಿದ್ದರು. 1936ರಲ್ಲಿ ದೇವನಹಳ್ಳಿಯಲ್ಲಿ ಹುಟ್ಟಿದ ಅವರ ಮನೆಮಾತು ಉರ್ದು, ತರಗತಿಯಲ್ಲಿ ಕಲ್ಲು-ಮಣ್ಣಿನ ಪಾಠ, ಬರೆದದ್ದು ಕನ್ನಡ ಕವಿತೆ. ಅವರ ‘ನಿತ್ಯೋತ್ಸವ’ ಇಂದಿಗೂ ಮಕ್ಕಳ ನಾಲಿಗೆಯಲ್ಲಿದೆ. 2006ರಲ್ಲಿ ಶಿವಮೊಗ್ಗದಲ್ಲೇ ನಡೆದ 73ನೇ ಸಾಹಿತ್ಯ ಸಮ್ಮೇಳನಕ್ಕೆ ಈ ಮೇಷ್ಟ್ರೇ ಅಧ್ಯಕ್ಷರು. 2020ರ ರಮಝಾನ್‌ನಲ್ಲಿ, ಮಸೀದಿಗಳು ಮುಚ್ಚಿದ್ದ ದಿನಗಳಲ್ಲಿ, ಅವರು ತೀರಿಕೊಂಡರು.

ಮನುಷ್ಯ ಸತ್ತ ಮೇಲೂ ಪುಣ್ಯ ತರುವ ಮೂರರಲ್ಲಿ ಉಪಯುಕ್ತ ವಿದ್ಯೆಯೂ ಒಂದೆಂದು ಪ್ರವಾದಿ(ಸ) ಕಲಿಸಿದರು. ಮಕ್ಕಳ ಫೀಸಿನ ಲೆಕ್ಕ ನಮಗೆ ಬಾಯಿಪಾಠ. ಅವರಿಗೆ ಕಲಿಸುವವರ ಹೆಸರು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಈ ವಾರ ಕೇಳಿ ತಿಳಿಯೋಣ. ನಮಗೆ ಅಕ್ಷರ ಕಲಿಸಿದವರನ್ನು ನೆನೆದು, ಅಲ್ಲಾಹನು ಅವರಿಗೆ ಒಳಿತು ಮಾಡಲೆಂದು ದುಆ ಮಾಡೋಣ. ಆಮೀನ್.