ತುರ್ತು ಅನುಮತಿಗೆ ಕೊನೆ ಎಂದು?

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎನ್ನುವುದುಂಟು. ಪಿಡುಗಿನ ಕಾಲದಲ್ಲಿ ತುರ್ತು ಅನುಮತಿ ಪಡೆದ ಲಸಿಕೆಗಳ ಬಗೆಗೂ ಇದೇ ಪ್ರಶ್ನೆ ಏಳುತ್ತದೆ. ಪೂರ್ಣ ಮಾನ್ಯತೆಯ ಲಸಿಕೆ ಬಂದ ಮೇಲೆ ತುರ್ತು ಅನುಮತಿ ಮುಂದುವರಿಯಬೇಕೆ? ಅಮೆರಿಕದ ಎರಡು ದಶಕಗಳ ಅನುಭವ ಇದಕ್ಕೆ ಸರಳ ಉತ್ತರ ಕೊಡುವುದಿಲ್ಲ.

2001ರಲ್ಲಿ ಅಂಚೆಯ ಮೂಲಕ ಬಂದ ಆಂಥ್ರಾಕ್ಸ್ ಪುಡಿಗೆ ಅಲ್ಲಿ ಐವರು ಬಲಿಯಾದರು. ಇಂಥ ದಾಳಿಗಳನ್ನು ಎದುರಿಸಲೆಂದೇ 2004ರಲ್ಲಿ ‘ಪ್ರಾಜೆಕ್ಟ್ ಬಯೋಶೀಲ್ಡ್’ ಕಾಯ್ದೆ ಬಂತು. ತುರ್ತು ಅನುಮತಿಯ ಈಗಿನ ವ್ಯವಸ್ಥೆಗೆ ಇದೇ ಬುನಾದಿ. ಅದರ ಮುಖ್ಯ ಷರತ್ತೊಂದು: ಸಮರ್ಪಕವಾದ, ಮಾನ್ಯತೆ ಪಡೆದ, ಲಭ್ಯವಿರುವ ಪರ್ಯಾಯ ಇರಕೂಡದು. ವಿವಾದವೆಲ್ಲ ಈ ಮೂರು ಮಾತುಗಳಲ್ಲೇ ಅಡಗಿದೆ.

ಕಾಯ್ದೆಯ ಮೊದಲ ಪ್ರಯೋಗ ನಡೆದದ್ದು ಸೈನಿಕರ ಮೇಲೆ. 1998ರಿಂದ ಅವರಿಗೆ ಆಂಥ್ರಾಕ್ಸ್ ಲಸಿಕೆ ಕಡ್ಡಾಯವಾಗಿತ್ತು. ಉಸಿರಿನ ಮೂಲಕ ತಗಲುವ ಆಂಥ್ರಾಕ್ಸ್‌ಗೆ ಅದರ ಮಾನ್ಯತೆ ಕ್ರಮಬದ್ಧವಾಗಿಲ್ಲವೆಂದು 2004ರ ಅಕ್ಟೋಬರಿನಲ್ಲಿ ನ್ಯಾಯಾಲಯ ಕಡ್ಡಾಯವನ್ನು ತಡೆಯಿತು. 2005ರ ಜನವರಿಯಲ್ಲಿ ಅದೇ ಲಸಿಕೆಗೆ ತುರ್ತು ಅನುಮತಿ ದೊರೆಯಿತು. ಜೊತೆಗೆ ಬೇಡವೆನ್ನುವ ಹಕ್ಕು ಸೈನಿಕನಿಗೆ ಬಂತು. ಆ ಡಿಸೆಂಬರಿನಲ್ಲಿ ಅಧಿಕೃತ ಮಾನ್ಯತೆ ಸ್ಥಿರವಾಯಿತು. ಮರುತಿಂಗಳು ತುರ್ತು ಅನುಮತಿ ಮುಗಿಯಿತು.

ಕೋವಿಡ್ ಕಾಲದಲ್ಲಿ ಲೆಕ್ಕ ಇಷ್ಟು ಸಲೀಸಾಗಲಿಲ್ಲ. 2020ರ ಡಿಸೆಂಬರಿನಲ್ಲಿ ತುರ್ತು ಅನುಮತಿ ಪಡೆದ ಫೈಜರ್ ಲಸಿಕೆಗೆ 2021ರ ಆಗಸ್ಟ್ 23ರಂದು ಪೂರ್ಣ ಮಾನ್ಯತೆ ಸಿಕ್ಕಿತು. ಅದು 16 ವರ್ಷ ಮೀರಿದವರಿಗೆ ಮಾತ್ರ. 12ರಿಂದ 15 ವರ್ಷದ ಮಕ್ಕಳಿಗೆ ಹಳೆಯ ಅನುಮತಿಯೇ ಆಸರೆ. ಮಾನ್ಯತೆ ಪಡೆದ ಲಸಿಕೆಯ ದಾಸ್ತಾನೂ ಎಲ್ಲರಿಗೆ ಸಾಲುವಷ್ಟಿರಲಿಲ್ಲ. ಹಾಗಾಗಿ ಎರಡೂ ಜೊತೆಯಾಗಿ ಸಾಗಿದವು. ಯಾವ ಸೀಸೆಯ ಲಸಿಕೆಯನ್ನು ಕಡ್ಡಾಯ ಮಾಡಬಹುದು ಎಂಬುದೇ ಸೈನಿಕರ ಮೊಕದ್ದಮೆಗಳಿಗೆ ವಸ್ತುವಾಯಿತು.

2025ರ ಆಗಸ್ಟ್ 27ರಂದು ಅಮೆರಿಕ ಕೋವಿಡ್ ಲಸಿಕೆಗಳ ತುರ್ತು ಅನುಮತಿಗಳನ್ನು ರದ್ದುಪಡಿಸಿತು. ಫೈಜರ್‌ನ ಮಾನ್ಯತೆ ಆಗ 5 ವರ್ಷಕ್ಕಿಂತ ಕೆಳಗಿನವರನ್ನು ಮುಟ್ಟುತ್ತಿರಲಿಲ್ಲ. ಮಾಡರ್ನಾ ಲಸಿಕೆಗೆ 6 ತಿಂಗಳ ಕೂಸುಗಳಿಂದಲೇ ಮಾನ್ಯತೆ ಇದ್ದರೂ ಅದು ಹೆಚ್ಚಿನ ಅಪಾಯವುಳ್ಳ ಮಕ್ಕಳಿಗಷ್ಟೇ. ಆರೋಗ್ಯವಂತ ಎಳೆಯ ಕೂಸುಗಳ ಹೆಸರಿನಲ್ಲಿ ಮಾನ್ಯತೆ ಪಡೆದ ಕೋವಿಡ್ ಲಸಿಕೆಯೇ ಉಳಿಯಲಿಲ್ಲ.

ತುರ್ತು ಅನುಮತಿ ಶಾಶ್ವತವಾದರೆ ಪೂರ್ಣ ಪರೀಕ್ಷೆಗೆ ಬೆಲೆಯಿಲ್ಲ. ಬೇಡವೆನ್ನುವವನ ಹಕ್ಕೂ ಗೊಂದಲಕ್ಕೆ ಬೀಳುತ್ತದೆ. ಆದರೆ ಪರ್ಯಾಯ ಕಾಗದದ ಮೇಲಿದ್ದರೆ ಸಾಲದು, ಕೈಗೂ ಸಿಗಬೇಕು. ದೋಣಿಯನ್ನು ದಡಕ್ಕೆ ಎಳೆಯುವ ಮುನ್ನ ಎಲ್ಲರೂ ಹೊಳೆ ದಾಟಿದ್ದಾರೆಯೇ ಎಂದು ನೋಡುವುದು ಅಂಬಿಗನ ಧರ್ಮ.