ಕನ್ನಡದ ಕೋಡಿಗೊಂದು ಭಂಡಾರ: ಬಳ್ಳಾರಿ ಸೀಮೆಯಿಂದ ಒಂದು ಸಮೀಕ್ಷೆ

ಕಂಪ್ಯೂಟರಿನಲ್ಲಿ ಕನ್ನಡಕ್ಕಾಗಿ ದುಡಿದವರು ಕಡಿಮೆಯೇನಲ್ಲ. ಕೀಲಿಮಣೆ, ಫಾಂಟ್, ಪರಿವರ್ತಕ, ನಿಘಂಟು, ಕಾಗುಣಿತ ಪರೀಕ್ಷಕ ಹೀಗೆ ಒಂದೊಂದರ ಹಿಂದೆಯೂ ಹಲವರ ವರ್ಷಗಟ್ಟಲೆ ಶ್ರಮವಿದೆ. ಕೊರತೆಯಾದದ್ದು ಬೇರೆ ಕಡೆ. ಒಬ್ಬರು ಬರೆದಿಟ್ಟ ಕೋಡನ್ನು ಇನ್ನೊಬ್ಬರು ಎತ್ತಿಕೊಂಡು, ತಿದ್ದಿ, ಬೆಳೆಸಿ, ಮತ್ತೆ ಅಲ್ಲಿಯೇ ತಂದಿಡುವ ಸಾಮೂಹಿಕ ಭಂಡಾರ ನಮ್ಮಲ್ಲಿ ತಡವಾಗಿ ಹುಟ್ಟಿತು, ಇನ್ನೂ ಪೂರ್ತಿ ಕೂಡಿಬಂದಿಲ್ಲ. ಜಗತ್ತಿನ ಪ್ರೋಗ್ರಾಮಿಂಗ್ ಭಾಷೆಗಳ ಸಮುದಾಯಗಳು ಇಂಥ ಭಂಡಾರಗಳನ್ನು ಹೇಗೆ ಕಟ್ಟಿಕೊಂಡವು, ಕನ್ನಡದ ಕೆಲಸ ಆ ದಾರಿಯಲ್ಲಿ ಎಲ್ಲಿಯವರೆಗೆ ಬಂದಿದೆ, ಬಳ್ಳಾರಿ, ಸಿರುಗುಪ್ಪ, ಕುರುಗೋಡಿನಂಥ ಎರಡು ಭಾಷೆಗಳ ಸೀಮೆ ಇದಕ್ಕೆ ಏನು ಕೊಡಬಲ್ಲದು ಎಂಬುದನ್ನು ಇಲ್ಲಿ ನೋಡೋಣ.

ಭಂಡಾರಗಳು ಹುಟ್ಟಿದ ಬಗೆ

ಮೊದಲು ದಾರಿ ಹಾಕಿಕೊಟ್ಟದ್ದು ಪುಸ್ತಕಗಳ ಅಕ್ಷರಜೋಡಣೆಗೆ ಬಳಸುವ ಟೆಕ್ ತಂತ್ರಾಂಶದ ಬಳಗ. ಬೇರೆಬೇರೆ ವಿಶ್ವವಿದ್ಯಾಲಯಗಳ ಕಂಪ್ಯೂಟರುಗಳಲ್ಲಿ ಚೆದುರಿಹೋಗಿದ್ದ ಫಾಂಟು, ಪ್ಯಾಕೇಜುಗಳನ್ನು ಒಂದೆಡೆ ತಂದು, ಒಂದೇ ಕ್ರಮದಲ್ಲಿ ಜೋಡಿಸಿ, ಹಲವು ದೇಶಗಳಲ್ಲಿ ಅದರ ಪಡಿಯಚ್ಚುಗಳನ್ನು ಇಡುವ ಸಿಟ್ಯಾನ್ ಭಂಡಾರ 1992ರ ಹೊತ್ತಿಗೆ ರೂಪುಗೊಂಡಿತು. ಅದನ್ನೇ ಮಾದರಿಯಾಗಿಟ್ಟುಕೊಂಡು ಪರ್ಲ್ ಭಾಷೆಯವರು 1995ರಲ್ಲಿ ಸಿಪ್ಯಾನ್ ತೆರೆದರು. ಲ್ಯಾರಿ ವಾಲ್ 1987ರಲ್ಲಿ ಹೊರತಂದ ಪರ್ಲ್ ದೀರ್ಘಕಾಲ ಬಾಳಲು ಈ ಭಂಡಾರವೇ ದೊಡ್ಡ ಕಾರಣ. ಇವತ್ತು ಅದರಲ್ಲಿ 2 ಲಕ್ಷಕ್ಕೂ ಹೆಚ್ಚು ಮಾಡ್ಯೂಲುಗಳಿವೆ. ಸಂಖ್ಯಾಶಾಸ್ತ್ರದವರ ಆರ್ ಭಾಷೆಗೆ 1997ರಲ್ಲಿ ಕ್ರ್ಯಾನ್ ಬಂತು, ಪೈಥಾನಿಗೆ 2003ರಲ್ಲಿ ಪೈಪಿಐ, ಜಾವಾಸ್ಕ್ರಿಪ್ಟಿನ ನೋಡ್ ಬಳಗಕ್ಕೆ 2010ರಲ್ಲಿ ಎನ್‌ಪಿಎಂ.

ಇವೆಲ್ಲ ಬರೀ ಫೈಲು ತುಂಬಿಡುವ ಜಾಗಗಳಲ್ಲ. ಸಿಪ್ಯಾನಿಗೆ ಯಾರಾದರೂ ಹೊಸ ಮಾಡ್ಯೂಲ್ ಸೇರಿಸಿದರೆ ಜಗತ್ತಿನ ಬೇರೆಬೇರೆ ಮೂಲೆಯ ಸ್ವಯಂಸೇವಕರ ಕಂಪ್ಯೂಟರುಗಳು ಅದನ್ನು ಇಳಿಸಿಕೊಂಡು, ಓಡಿಸಿ ನೋಡಿ, ಪಾಸೋ ಫೇಲೋ ಎಂದು ವರದಿ ಕಳಿಸುತ್ತವೆ. ಬರೆದವರ ಬಳಿ ಒಂದೇ ಬಗೆಯ ಕಂಪ್ಯೂಟರ್ ಇದ್ದರೂ ಪರೀಕ್ಷೆ ಹತ್ತಾರು ಬಗೆಯ ಯಂತ್ರಗಳ ಮೇಲೆ ನಡೆದಿರುತ್ತದೆ. ಹೆಸರಿಡುವ ಕ್ರಮ, ಆವೃತ್ತಿಯ ಸಂಖ್ಯೆ, ಬಳಕೆಯ ವಿವರಣೆ, ಲೈಸೆನ್ಸ್, ಪರೀಕ್ಷೆ ಈ ಐದೂ ಕೂಡಿದಾಗಲೇ ಕೋಡಿನ ರಾಶಿ ಭಂಡಾರವಾಗುತ್ತದೆ.

ನಿಯಮ ಸಡಿಲವಾದರೆ ಏನಾಗುತ್ತದೆ ಎಂಬುದನ್ನು 2016ರ ಮಾರ್ಚ್ ತಿಂಗಳು ತೋರಿಸಿಕೊಟ್ಟಿತು. ಎನ್‌ಪಿಎಂನಲ್ಲಿದ್ದ ಲೆಫ್ಟ್‌ಪ್ಯಾಡ್ ಎಂಬ 11 ಸಾಲಿನ ಪ್ಯಾಕೇಜನ್ನು ಬರೆದವರು ಅದನ್ನು ಹಿಂತೆಗೆದುಕೊಂಡರು. ಅದರ ಮೇಲೆ ನಿಂತಿದ್ದ ದೊಡ್ಡದೊಡ್ಡ ಯೋಜನೆಗಳ ಕೆಲಸ ಒಮ್ಮೆಲೇ ನಿಂತುಹೋಯಿತು. ಎಲ್ಲರೂ ನೆಚ್ಚಿಕೊಂಡ ಪ್ಯಾಕೇಜನ್ನು ಬರೆದವರೂ ಇಷ್ಟ ಬಂದಂತೆ ತೆಗೆಯುವಂತಿಲ್ಲ ಎಂಬ ನಿಯಮ ಬಂದದ್ದು ಅದಾದ ಮೇಲೆ.

ಕನ್ನಡದ ಮೊದಲ ಹಂತ

ಕನ್ನಡದ ಕಡೆ ತಿರುಗಿದರೆ ಮೊದಲು ನೆನೆಯಬೇಕಾದ ಹೆಸರು ಕಿನ್ನಿಕಂಬಳದ ಕೆ.ಪಿ. ರಾವ್ ಅವರದು. ಇಂಗ್ಲಿಷ್ ಕೀಲಿಮಣೆಯ ಮೇಲೆಯೇ ಉಚ್ಚಾರಣೆಗೆ ತಕ್ಕಂತೆ ಕನ್ನಡ ಮೂಡಿಸುವ ವಿನ್ಯಾಸ ಅವರದು. ಆ ವಿನ್ಯಾಸವನ್ನೂ ಸೇಡಿಯಾಪು ತಂತ್ರಾಂಶವನ್ನೂ ಅವರು ಹಕ್ಕು ಕಟ್ಟಿಕೊಳ್ಳದೆ ಜನಕ್ಕೆ ಬಿಟ್ಟುಕೊಟ್ಟರು. ಸರ್ಕಾರ ಒಪ್ಪಿದ ಕೀಲಿಮಣೆ ಬೆಳೆದದ್ದು ಅದರಿಂದಲೇ. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ಬಂತು. ಕೆಲ ವರ್ಷಗಳಲ್ಲೇ ಕನ್ನಡ ಗಣಕ ಪರಿಷತ್ತು ಸರ್ಕಾರದ ನೆರವಿನಿಂದ ನುಡಿಯನ್ನು ಹೊರತಂದಿತು. ಊರೂರಿನ ಡಿಟಿಪಿ ಅಂಗಡಿ, ಪತ್ರಿಕೆ, ಕಚೇರಿಗಳಿಗೆ ಕನ್ನಡ ತಲುಪಿದ್ದು ಇವೆರಡರಿಂದ. ಆ ಉಪಕಾರ ಸಣ್ಣದಲ್ಲ.

ಇದೇ ಕಾಲದಲ್ಲಿ ಯು.ಬಿ. ಪವನಜ ಅವರು ಮಕ್ಕಳಿಗಾಗಿ ಲೋಗೊ ಪ್ರೋಗ್ರಾಮಿಂಗ್ ಭಾಷೆಯ ಕನ್ನಡ ಆವೃತ್ತಿಯನ್ನು ಸಿದ್ಧಪಡಿಸಿದರು. ಆಜ್ಞೆಗಳನ್ನೇ ಕನ್ನಡದಲ್ಲಿ ಬರೆದು ಚಿತ್ರ ಬಿಡಿಸಬಹುದು ಎಂದು ತೋರಿಸಿದ ಪ್ರಯೋಗ ಅದು. ಸಿಟ್ಯಾನ್ ಭಂಡಾರದಲ್ಲಿ ಕನ್ನಡಕ್ಕೂ ಒಂದು ಕಪಾಟು ಇದೆ. ಜಿ.ಎಸ್. ಜಗದೀಶ್ ಮತ್ತು ವೆಂಕಟೇಶ್ ಗೋಪಿನಾಥ್ ರೂಪಿಸಿದ ಕನ್ನಡ ಟೆಕ್ ಫಾಂಟು ಅಲ್ಲಿ ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಉಳಿದಿದೆ.

ಆ ಹಂತದ ಮಿತಿಯನ್ನೂ ಹೇಳಲೇಬೇಕು. ಬರಹ, ನುಡಿ ಬಳಸಲು ಸಿಕ್ಕವು, ಅವುಗಳ ಮೂಲ ಕೋಡ್ ಎಲ್ಲರೂ ಕೈಹಾಕಿ ತಿದ್ದುವ ಜಾಗಕ್ಕೆ ಬರಲಿಲ್ಲ. ಸಿರುಗುಪ್ಪದ ಭತ್ತದ ರೈತರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ: ಉಚಿತ ತಂತ್ರಾಂಶ ಕೊಡುವುದೆಂದರೆ ಅಕ್ಕಿ ಕೊಟ್ಟಂತೆ, ಮೂಲ ಕೋಡ್ ಕೊಡುವುದೆಂದರೆ ಬಿತ್ತನೆ ಬೀಜ ಕೊಟ್ಟಂತೆ. ಅಕ್ಕಿ ಒಂದು ಊಟಕ್ಕೆ ಆದೀತು, ಮುಂದಿನ ಬೆಳೆಗೆ ಬೀಜವೇ ಬೇಕು.

ಯೂನಿಕೋಡ್ ಬಂದ ಮೇಲೆ

ಆಸ್ಕಿ ಎಂದು ಕರೆಯುವ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ತುಂಬಿದ್ದವು. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಅದೇ ಕಡತ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತಿತ್ತು. ಅದನ್ನು ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ಯೂನಿಕೋಡಿಗೆ ತರುವುದು ಅಕ್ಷರಕ್ಕೆ ಅಕ್ಷರ ಬದಲಿಸಿದಷ್ಟು ಸುಲಭವಲ್ಲ. ‘ಕರ್ನಾಟಕ’ ಎಂಬ ಪದದಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವುದು ‘ನಾ’ ಆದಮೇಲೆ, ಹಳೆಯ ಫಾಂಟು ಅದನ್ನು ಕಂಡ ಕ್ರಮದಲ್ಲೇ ಇಡುತ್ತದೆ. ಯೂನಿಕೋಡ್ ಉಚ್ಚರಿಸುವ ಕ್ರಮದಲ್ಲಿ, ಅಂದರೆ ‘ರ್’ ಅನ್ನು ‘ನಾ’ ಮೊದಲು ಇಡುತ್ತದೆ. ಪರಿವರ್ತಕ ಇಂಥ ಪ್ರತಿ ಸ್ಥಳಾಂತರವನ್ನೂ ತಿಳಿದಿರಬೇಕು. ಅರವಿಂದ ವಿ.ಕೆ. ಅವರು ಬರೆದು, ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್ಬಿನಲ್ಲಿ ಇಟ್ಟ ಆಸ್ಕಿ–ಯೂನಿಕೋಡ್ ಪರಿವರ್ತಕ ಈ ಕೆಲಸವನ್ನು ಎಲ್ಲರ ಕಣ್ಣೆದುರು ಮಾಡಿ ತೋರಿಸಿತು. ತಪ್ಪು ಕಂಡವರು ತಿದ್ದಬಹುದು, ತಮ್ಮ ತಂತ್ರಾಂಶಕ್ಕೆ ಸೇರಿಸಿಕೊಳ್ಳಬಹುದು. ಅವರದೇ ಗುಬ್ಬಿ, ನವಿಲು ಫಾಂಟುಗಳು ಡೆಬಿಯನ್ ಲಿನಕ್ಸಿನ ಭಂಡಾರದಲ್ಲಿ ಪ್ಯಾಕೇಜುಗಳಾಗಿ ಸಿಗುತ್ತವೆ.

ಮುಂದಿನ ವರ್ಷಗಳಲ್ಲಿ ಇಂಥ ಕೆಲಸ ಹೆಚ್ಚಿತು. ರೆಡ್ ಹ್ಯಾಟ್ ಮುಕ್ತವಾಗಿಸಿದ ಲೋಹಿತ್ ಫಾಂಟುಗಳಲ್ಲಿ ಕನ್ನಡ, ತೆಲುಗು ಎರಡೂ ಇವೆ. ಜಾಲತಾಣಗಳಲ್ಲಿ ಟೈಪಿಸಲು ವಿಕಿಪೀಡಿಯ ಬಳಗ ರೂಪಿಸಿದ ಜೆಕ್ವೆರಿ ಐಎಂಇಯಲ್ಲಿ ಕನ್ನಡ ಗಣಕ ಪರಿಷತ್ತಿನ ಕೀಲಿಮಣೆಯೂ ಸೇರಿದೆ. ಅಚ್ಚಾದ ಪುಟ ಓದುವ ಟೆಸರಾಕ್ಟ್ ಕನ್ನಡವನ್ನೂ ಕಲಿತಿದೆ. ಓಂಶಿವಪ್ರಕಾಶ್ ಮತ್ತು ಗೆಳೆಯರ ಸಂಚಯ ತಂಡ 20,000ಕ್ಕೂ ಹೆಚ್ಚು ವಚನಗಳನ್ನು ಪದ ಹಿಡಿದು ಹುಡುಕುವಂತೆ ಮಾಡಿತು. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ಅಲರ್ ಕನ್ನಡ–ಇಂಗ್ಲಿಷ್ ನಿಘಂಟು 2019ರಲ್ಲಿ ಓಪನ್ ಡೇಟಾಬೇಸ್ ಲೈಸೆನ್ಸಿನಲ್ಲಿ ಹೊರಬಂತು. ಒಂದೂವರೆ ಲಕ್ಷದಷ್ಟು ಪದಗಳ ಆ ದತ್ತಾಂಶವನ್ನು ಯಾವ ವಿದ್ಯಾರ್ಥಿ ಬೇಕಾದರೂ ತನ್ನ ಪ್ರಾಜೆಕ್ಟಿಗೆ ಬಳಸಬಹುದು. ಒಬ್ಬರ ಜೀವಮಾನದ ದುಡಿಮೆ ಇಡೀ ನಾಡಿನ ಆಸ್ತಿಯಾದದ್ದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ.

ಬಳ್ಳಾರಿ ಸೀಮೆಯ ಕೊಡುಗೆ ಎಲ್ಲಿ?

ಬಳ್ಳಾರಿಯಲ್ಲಿ 1980ರಿಂದ ಎಂಜಿನಿಯರಿಂಗ್ ಕಾಲೇಜಿದೆ, 1997ರಲ್ಲಿ ಎರಡನೆಯದು ಬಂತು, 2010ರಲ್ಲಿ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ. ಕೋಡ್ ಕಲಿಯುವ ಮಕ್ಕಳಿದ್ದಾರೆ. ಅದಕ್ಕಿಂತ ಮುಖ್ಯವಾಗಿ, ಈ ಸೀಮೆಯ ಜನ ಕನ್ನಡ, ತೆಲುಗು ಎರಡನ್ನೂ ಬಲ್ಲವರು. ಇದರ ಬೆಲೆ ಎಷ್ಟೆಂದು ತಿಳಿಯಲು ಯೂನಿಕೋಡಿನ ಒಳಗೆ ಇಣುಕಬೇಕು.

ಭಾರತೀಯ ಲಿಪಿಗಳಿಗಾಗಿ ರೂಪಿಸಿದ ಇಸ್ಕಿ ಮಾನಕದ ಕ್ರಮವನ್ನೇ ಯೂನಿಕೋಡ್ ಅನುಸರಿಸಿತು. ಹಾಗಾಗಿ ತೆಲುಗು, ಕನ್ನಡ ಲಿಪಿಗಳು ಅದರಲ್ಲಿ ಅಕ್ಕಪಕ್ಕ ಒಂದೇ ಸಾಲಿನಂತೆ ಕೂತಿವೆ. ತೆಲುಗಿನ ‘ಬ’ ಅಕ್ಷರದ ಸಂಖ್ಯೆ 3116, ಕನ್ನಡದ ‘ಬ’ 3244. ವ್ಯತ್ಯಾಸ 128. ತೆಲುಗಿನಲ್ಲಿ ಬರೆದ ‘ಬಳ್ಳಾರಿ’ಯ ಏಳು ಸಂಕೇತಗಳಿಗೂ 128 ಕೂಡಿಸಿದರೆ ಕನ್ನಡದ ಬಳ್ಳಾರಿ ಸಿಗುತ್ತದೆ. ಪೈಥಾನಿನ ಇಂಡಿಕ್ ಎನ್‌ಎಲ್‌ಪಿ ಲೈಬ್ರರಿಯಂಥ ಮುಕ್ತ ಕೋಡ್ ಲಿಪಿ ಬದಲಿಸುವುದು ಇದೇ ಸೂತ್ರದ ಮೇಲೆ. ಒಂದು ಲಿಪಿಗೆ ಬರೆದ ಕೋಡ್ ಇನ್ನೊಂದಕ್ಕೂ ಬಹುಪಾಲು ಒದಗುತ್ತದೆ.

‘ಬಹುಪಾಲು’ ಎಂದದ್ದಕ್ಕೆ ಕಾರಣವಿದೆ. ಹಳಗನ್ನಡದ ‘ೞ’ ಈ ಸೂತ್ರಕ್ಕೆ ಸಿಗುವುದಿಲ್ಲ. 128 ಕಳೆದರೆ ತೆಲುಗಿನಲ್ಲಿ ಖಾಲಿ ಜಾಗ ಬರುತ್ತದೆ, ತೆಲುಗಿನ ೞಕಾರ ಬೇರೆ ಕಡೆ ಇದೆ. ಯೂನಿಕೋಡ್ ಪಟ್ಟಿಯಲ್ಲಿ ಕನ್ನಡದ ಈ ಅಕ್ಷರಕ್ಕೆ ‘ಫ’ ಎಂದು ತಪ್ಪು ಹೆಸರು ಬೇರೆ ಬಿದ್ದಿದೆ. ಒಮ್ಮೆ ಸೇರಿದ ಹೆಸರನ್ನು ಬದಲಿಸಬಾರದು ಎಂಬ ನಿಯಮವಿರುವುದರಿಂದ ಅದು ಟಿಪ್ಪಣಿಯೊಂದಿಗೆ ಹಾಗೆಯೇ ಉಳಿದಿದೆ. ಹನ್ನೆರಡನೆಯ ಶತಮಾನದಲ್ಲಿ ಸಿಂದರ ರಾಜಧಾನಿಯಾಗಿದ್ದ ಕುರುಗೋಡಿನಂಥ ಊರುಗಳ ಶಾಸನಪಾಠವನ್ನು ಕಂಪ್ಯೂಟರಿಗೆ ತರುವವರಿಗೆ ಇಂಥ ಅಕ್ಷರಗಳೇ ನಿಜವಾದ ಪರೀಕ್ಷೆ. ಎರಡೂ ಲಿಪಿ ಓದಬಲ್ಲವರ ಕಣ್ಣಿಗೆ ಮಾತ್ರ ಇಂಥ ತಪ್ಪು ಬೇಗ ಬೀಳುತ್ತದೆ.

ಇನ್ನೊಂದು ತೊಡಕು ಕುರುಗೋಡಿನ ಹೆಸರಲ್ಲೇ ಇದೆ. ‘ಗೋ’ದ ಓತ್ವವನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಮೂರು ಬಿಡಿ ಸಂಕೇತಗಳಾಗಿಯೂ ಇಡಬಹುದು. ಮೊದಲ ಬಗೆಯಲ್ಲಿ ಊರಿನ ಹೆಸರಿಗೆ 8 ಸಂಕೇತ, ಎರಡನೆಯದರಲ್ಲಿ 10. ತೆರೆಯ ಮೇಲೆ ಎರಡೂ ಒಂದೇ. ಎರಡನ್ನೂ ಒಂದೇ ರೂಪಕ್ಕೆ ತರುವ ನಿಯಮ ಯೂನಿಕೋಡಿನಲ್ಲಿದೆ, ಪೈಥಾನಿನಲ್ಲಿ ಅದಕ್ಕೆ ಸಿದ್ಧ ಸಾಧನವೂ ಇದೆ. ಆದರೆ ಕೋಡ್ ಬರೆಯುವವರು ಅದನ್ನು ಮರೆತರೆ ‘ಕುರುಗೋಡು’ ಎಂದು ಹುಡುಕಿದವರಿಗೆ ‘ಸಿಗಲಿಲ್ಲ’ ಎಂಬ ಉತ್ತರ ಬರುತ್ತದೆ.

ಊರುಗಳ ಹೆಸರನ್ನು ಪಟ್ಟಿ ಮಾಡುವುದರಲ್ಲೂ ಇಂಥದೇ ತೊಡಕಿದೆ. 2014ರಲ್ಲಿ ಇಂಗ್ಲಿಷಿನ ಬೆಳ್ಳಾರಿ ಅಧಿಕೃತವಾಗಿ ಬಳ್ಳಾರಿಯಾಯಿತು. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾಗಿ, ಬಳ್ಳಾರಿ ಜಿಲ್ಲೆಯಲ್ಲಿ ಬಳ್ಳಾರಿ, ಸಿರುಗುಪ್ಪ, ಕುರುಗೋಡು, ಕಂಪ್ಲಿ, ಸಂಡೂರು ತಾಲ್ಲೂಕುಗಳು ಉಳಿದವು. ಸಿರುಗುಪ್ಪವನ್ನು ಸಿರಗುಪ್ಪ ಎಂದು ಬರೆಯುವವರೂ ಇದ್ದಾರೆ. ಹಳೆಯ ಹೆಸರು ಕೊಟ್ಟರೆ ಹೊಸದನ್ನು, ವರ್ಷ ಕೊಟ್ಟರೆ ಆ ವರ್ಷದ ಜಿಲ್ಲೆಯನ್ನು ಹೇಳುವ ಸಣ್ಣ ಪ್ಯಾಕೇಜೊಂದನ್ನು ಒಮ್ಮೆ ಸರಿಯಾಗಿ ಬರೆದಿಟ್ಟರೆ ಮುಂದೆ ಯಾರೂ ಅದನ್ನು ಮೊದಲಿಂದ ಬರೆಯಬೇಕಿಲ್ಲ.

ಇನ್ನು ಆಗಬೇಕಾದದ್ದು

ಕನ್ನಡದ ಮುಕ್ತ ಕೋಡ್ ಇವತ್ತು ಇದೆ, ಆದರೆ ಚೆದುರಿದೆ. ಯಾವುದು ಎಲ್ಲಿದೆ, ಯಾವುದು ಇನ್ನೂ ನಡೆಯುತ್ತಿದೆ, ಯಾವುದನ್ನು ನೋಡಿಕೊಳ್ಳುವವರಿಲ್ಲ ಎಂದು ಹೇಳುವ ಸೂಚಿ ಮೊದಲು ಬೇಕು. ಲೈಸೆನ್ಸ್ ಇಲ್ಲದ ಕೋಡ್ ಕಣ್ಣೆದುರು ಇದ್ದರೂ ಬಳಸುವ ಹಕ್ಕು ಬೇರೆ ಯಾರಿಗೂ ಇರುವುದಿಲ್ಲ, ಆದ್ದರಿಂದ ಬರೆದವರು ಜಿಪಿಎಲ್ ಆಗಲಿ ಎಂಐಟಿ ಆಗಲಿ ಒಂದನ್ನು ಮೊದಲ ದಿನವೇ ಸೇರಿಸಬೇಕು. ಬಳಕೆಯ ವಿವರಣೆ ಕನ್ನಡದಲ್ಲೂ ಇರಬೇಕು. ಪ್ರತಿ ಪ್ಯಾಕೇಜಿಗೂ ನಮ್ಮ ಊರುಗಳ ಹೆಸರು, ಅರ್ಕಾವೊತ್ತು, ಹಳಗನ್ನಡದ ‘ೞ’, ‘ಱ’ ಒಳಗೊಂಡ ಪರೀಕ್ಷಾ ಪದಗಳ ಒಂದೇ ಪಟ್ಟಿ ಇರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಬರೆದವರು ಬೇರೆ ಕೆಲಸಕ್ಕೆ ಹೋದಾಗ ಹೊಣೆ ಹೊರಲು ಇನ್ನೊಬ್ಬರು ಇರಬೇಕು. ಸಿಪ್ಯಾನ್ ಮೂರು ದಶಕ ಬಾಳಿದ್ದು ಇಂಥ ಹೊಣೆಗಾರಿಕೆ ಕೈಯಿಂದ ಕೈಗೆ ದಾಟಿದ್ದರಿಂದ.

ಬಳ್ಳಾರಿ ಸೀಮೆಯ ಅಧ್ಯಾಪಕರಲ್ಲಿ, ವಿದ್ಯಾರ್ಥಿಗಳಲ್ಲಿ ಒಂದು ಮನವಿ. ಕೊನೆಯ ವರ್ಷದ ಪ್ರಾಜೆಕ್ಟ್ ಕೋಡನ್ನು ಸಿ.ಡಿ.ಯಲ್ಲೋ ಪೆನ್‌ಡ್ರೈವಿನಲ್ಲೋ ಒಪ್ಪಿಸಿ ಮರೆಯಬೇಡಿ. ಲೈಸೆನ್ಸ್ ಹಾಕಿ, ಕನ್ನಡದಲ್ಲಿ ಒಂದು ಪುಟ ವಿವರಣೆ ಬರೆದು, ಎಲ್ಲರಿಗೂ ಸಿಗುವ ಕಡೆ ಇಡಿ. ಹೊಸದು ಬರೆಯಲು ಪುರುಸೊತ್ತಿಲ್ಲದವರು ಈಗಾಗಲೇ ಇರುವ ಪರಿವರ್ತಕವೊಂದನ್ನು ಇಳಿಸಿಕೊಂಡು, ನಿಮ್ಮೂರಿನ ಹೆಸರು ಕೊಟ್ಟು ನೋಡಿ, ತಪ್ಪು ಬಂದರೆ ತಿದ್ದಿ ಕಳಿಸಿ. ಕನ್ನಡದ ಭಂಡಾರ ಬೆಳೆಯಬೇಕಾದದ್ದು ಹೀಗೆಯೇ, ಒಂದೊಂದು ತಿದ್ದುಪಡಿಯಾಗಿ.