ಪಟ್ಟು

ಪತ್ರಿಕೆಗಳಲ್ಲಿ ಶೀರ್ಷಿಕೆ ಬರೆಯುವವರಿಗೆ ‘ಪಟ್ಟು’ ಬಹಳ ಒದಗಿಬರುವ ಪದ. ರಾಜೀನಾಮೆಗೆ ಪಟ್ಟು, ಪರಿಹಾರಕ್ಕೆ ಪಟ್ಟು, ಟಿಕೆಟ್‌ಗೆ ಪಟ್ಟು, ಬಿಗಿಪಟ್ಟು ಸಡಿಲಿಸದ ಸರ್ಕಾರ. ಇಷ್ಟು ಚಿಕ್ಕ ಪದ ಇಡೀ ಧರಣಿಯ ಚಿತ್ರವನ್ನು ಕೊಟ್ಟುಬಿಡುತ್ತದೆ: ಕೂತ ಜಾಗದಿಂದ ಏಳದವರು, ಹೇಳಿದ್ದನ್ನೇ ಹೇಳುವವರು. ಮನೆಯಲ್ಲೂ ಅಷ್ಟೆ. ಮಗು ಆಟಿಕೆಗೆ ಪಟ್ಟು ಹಿಡಿಯಿತು ಅಂದರೆ ಅಂಗಡಿಯ ಮುಂದೆ ನೆಲಕ್ಕೆ ಅಂಟಿಕೊಂಡಿತು ಅಂತಲೇ ಲೆಕ್ಕ. ಹೀಗೆ ಬಳಸಿ ಬಳಸಿ, ಪಟ್ಟು ಎಂದರೆ ಕದಲದಿರುವುದು ಎಂದು ನಮ್ಮ ಮನಸ್ಸಿನಲ್ಲಿ ಕೂತುಬಿಟ್ಟಿದೆ.

ಗರಡಿಯಲ್ಲಿ ಕೇಳಿದರೆ ಬೇರೆ ಮಾತು. ಅಲ್ಲಿ ಪಟ್ಟು ಒಂದು ವಿದ್ಯೆ. ಎದುರಾಳಿಯ ಕೈಯನ್ನೋ ಸೊಂಟವನ್ನೋ ಕಾಲನ್ನೋ ಯಾವ ಜಾಗದಲ್ಲಿ ಹೇಗೆ ಹಿಡಿದರೆ ಅವನ ಭಾರ ಅವನಿಗೇ ತಿರುಗಿಕೊಳ್ಳುತ್ತದೆ ಎಂಬ ತಿಳಿವಳಿಕೆ. ಪಟ್ಟು ಹಾಕುತ್ತಾರೆ, ಪಟ್ಟು ಬಿಡಿಸಿಕೊಳ್ಳುತ್ತಾರೆ, ಪಟ್ಟಿಗೆ ಮರುಪಟ್ಟು ಹಾಕುತ್ತಾರೆ. ಪೈಲ್ವಾನನೊಬ್ಬನನ್ನು ಹೊಗಳುವಾಗ ತೋಳಿನ ಗಾತ್ರದ ಜೊತೆಗೇ ಅವನಿಗೆ ಗೊತ್ತಿರುವ ಪಟ್ಟುಗಳ ಮಾತೂ ಬರುತ್ತದೆ. ದಸರೆಯ ಹೊತ್ತಿನಲ್ಲಿ ಮೈಸೂರಿನ ದೇವರಾಜ ಅರಸು ಕ್ರೀಡಾಂಗಣಕ್ಕೆ ಹೋಗಿ ನಾಡಕುಸ್ತಿ ನೋಡಿದವರು ಇದನ್ನು ಕಣ್ಣಾರೆ ಕಂಡಿರುತ್ತಾರೆ. ಒಂದು ಹಿಡಿತ ಜಾರಿತು ಅನ್ನುವಷ್ಟರಲ್ಲಿ ಕೈ ಇನ್ನೊಂದು ಕಡೆ ಹೋಗಿರುತ್ತದೆ. ಜಾರಿದ ಹಿಡಿತವನ್ನೇ ಬಿಗಿ ಮಾಡುತ್ತ ನಿಂತವನ ಬೆನ್ನು ಬೇಗ ಮಣ್ಣು ಮುಟ್ಟುತ್ತದೆ.

ನಾನು ಈ ಪದದ ಹಿಂದೆ ಬಿದ್ದಿರುವುದಕ್ಕೆ ಮನೆಯ ಜಗಲಿಯ ಪಕ್ಕ ಬಿಚ್ಚಿಟ್ಟುಕೊಂಡಿರುವ ಒಂದು ಯೆಜ್ಡಿ ಬೈಕು ಕಾರಣ. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯ ಕೂಸು. ಅಲ್ಲಿ 1961ರಲ್ಲಿ ಜಾವಾ ಬೈಕುಗಳು ತಯಾರಾಗತೊಡಗಿದವು, 1973ರಲ್ಲಿ ಯೆಜ್ಡಿ ಎಂಬ ಹೆಸರು ಬಂತು, 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಕಿಕ್ ಹೊಡೆಯುವ ಕಡ್ಡಿಯೇ ಕೆಳಗೆ ಮಡಚಿದರೆ ಗೇರಿನ ಕಡ್ಡಿಯಾಗುವ, ಎರಡು ಸೈಲೆನ್ಸರಿನ, 250 ಸಿಸಿಯ ಟೂ ಸ್ಟ್ರೋಕ್ ಗಾಡಿ. ಅದರ ಎಂಜಿನ್ನಿನ ಬಗ್ಗೆ ನನಗೆ ಚಿಂತೆಯಿಲ್ಲ. ಪಿಸ್ಟನ್ನು, ರಿಂಗು, ಬೇರಿಂಗು ಸವೆದರೆ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ, ಅಳತೆಗೆ ಬರುತ್ತದೆ. ಸೋಲಿಸುವುದು ವೈರಿಂಗ್. ಬೆಳಗ್ಗೆ ಹತ್ತಿದ ಹೆಡ್‌ಲೈಟ್ ಸಂಜೆ ಹತ್ತುವುದಿಲ್ಲ. ಹಾರ್ನ್ ಒತ್ತಿದರೆ ಎಂಜಿನ್ ತಡವರಿಸುತ್ತದೆ. ಏನನ್ನೂ ಮುಟ್ಟದೆ ಸುಮ್ಮನೆ ನಿಲ್ಲಿಸಿದ ಗಾಡಿ ಮಾರನೆಯ ದಿನ ಸರಿಯಾಗಿರುತ್ತದೆ, ಅದೇ ಎಲ್ಲಕ್ಕಿಂತ ಕಷ್ಟದ ಸ್ಥಿತಿ.

ಹಳೆಯ ಯೆಜ್ಡಿಗಳದು ಆರು ವೋಲ್ಟಿನ ಸಂಸಾರ. ಇದನ್ನು ಕೊಂಚ ಬಿಡಿಸಿ ಹೇಳಬೇಕು, ಯಾಕೆಂದರೆ ತೊಂದರೆಯ ಬೇರು ಇಲ್ಲೇ ಇದೆ. 35 ವ್ಯಾಟ್‌ನ ಒಂದು ಬಲ್ಬು ಹನ್ನೆರಡು ವೋಲ್ಟಿನ ಗಾಡಿಯಲ್ಲಿ ಸುಮಾರು 3 ಆಂಪಿಯರ್ ಕರೆಂಟ್ ಎಳೆದರೆ, ಆರು ವೋಲ್ಟಿನಲ್ಲಿ ಅದರ ಎರಡು ಪಟ್ಟು, ಸುಮಾರು 6 ಆಂಪಿಯರ್, ಎಳೆಯಬೇಕು. ದಾರಿಯಲ್ಲೆಲ್ಲೋ ಒಂದು ಸ್ಕ್ರೂ ತುಕ್ಕು ಹಿಡಿದು ಓಮ್‌ನ ಹತ್ತನೇ ಒಂದರಷ್ಟು ತಡೆ ಒಡ್ಡಿತು ಅಂದುಕೊಳ್ಳಿ. ಹನ್ನೆರಡು ವೋಲ್ಟಿನಲ್ಲಿ ಅಲ್ಲಿ ಸೋರುವುದು 0.3 ವೋಲ್ಟ್, ನೂರಕ್ಕೆ ಎರಡೂವರೆ. ಆರು ವೋಲ್ಟಿನಲ್ಲಿ 0.6, ನೂರಕ್ಕೆ ಹತ್ತು. ಅದೇ ಸ್ಕ್ರೂ, ಅದೇ ತುಕ್ಕು, ನಾಲ್ಕು ಪಟ್ಟು ನಷ್ಟ. ಬಲ್ಬಿನ ಬೆಳಕಂತೂ ವೋಲ್ಟೇಜಿಗಿಂತ ಬೇಗ ಬಿದ್ದುಹೋಗುತ್ತದೆ. ವೋಲ್ಟೇಜ್ ಶೇಕಡಾ 10 ಇಳಿದರೆ ಬೆಳಕು ಶೇಕಡಾ 30ರಷ್ಟು ಹೋಗಿರುತ್ತದೆ. ಹೊಸ ಗಾಡಿಯಲ್ಲಿ ಗಮನಕ್ಕೇ ಬಾರದ ಕೊಳೆ ಇಲ್ಲಿ ರಾತ್ರಿ ದಾರಿ ಕಾಣದಂತೆ ಮಾಡುತ್ತದೆ.

ಎರಡು ಪಟ್ಟು, ನಾಲ್ಕು ಪಟ್ಟು. ಗುಣಿಸುವ ಈ ಪಟ್ಟಿಗೂ ಹಿಡಿಯುವ ಪಟ್ಟಿಗೂ ನಡುವೆ ನಂಟು ಹುಡುಕುವ ಸಾಹಸಕ್ಕೆ ನಾನು ಹೋಗುವುದಿಲ್ಲ. ಆದರೆ ಹಳೆಯ ಗಾಡಿಯ ಪಕ್ಕ ಕೂತವನಿಗೆ ಎರಡೂ ಒಟ್ಟಿಗೇ ಬೇಕಾಗುತ್ತವೆ.

ಪಟ್ಟು ಎಂಬ ಪದಕ್ಕೆ ಅಡುಗೆಮನೆಯಲ್ಲೂ ಒಂದು ಬಾಳಿದೆ. ತಲೆನೋವಿಗೆ ಶುಂಠಿ ತೇಯ್ದು ಹಣೆಗೆ ಪಟ್ಟು ಹಾಕುತ್ತಾರೆ, ಉಳುಕಿದ ಕಾಲಿಗೆ ಅರಿಶಿನದ ಪಟ್ಟು ಹಾಕುತ್ತಾರೆ. ನನ್ನ ಗಾಡಿಯ ವೈರಿಂಗಿನ ಮೈಮೇಲೆ ಅಂಥ ಪಟ್ಟುಗಳು ಸಾಲುಸಾಲಾಗಿದ್ದವು, ಕಪ್ಪು ಇನ್ಸುಲೇಷನ್ ಟೇಪಿನವು. ಒಂದೊಂದನ್ನೂ ಬಿಡಿಸುತ್ತ ಹೋದಾಗ ಸಿಕ್ಕಿದ್ದು ಹಿಂದೆ ಈ ಗಾಡಿಯನ್ನು ನೋಡಿಕೊಂಡವರ ಕೈಗಳು. ಒಬ್ಬರು ವೈರನ್ನು ಜಡೆಯಂತೆ ಹೆಣೆದಿದ್ದಾರೆ. ಇನ್ನೊಬ್ಬರು ಬೆಸುಗೆ ಹಾಕಿ ಅಚ್ಚುಕಟ್ಟಾಗಿ ಸುತ್ತಿದ್ದಾರೆ. ಕೆಂಪು ವೈರು ಮುಗಿದದ್ದಕ್ಕೆ ಹಸಿರನ್ನು ಸೇರಿಸಿದವರೂ ಇದ್ದಾರೆ, ಮಳೆಗಾಲದ ಸಂಜೆ ಅಂಗಡಿ ಮುಚ್ಚಿದ್ದಿರಬೇಕು. ಹಳೆಯ ಗಾಡಿ ಕೊಂಡವರಲ್ಲಿ ಹಿಂದಿನವರ ರಿಪೇರಿಯನ್ನು ಬಯ್ಯುವ ರೂಢಿ ಇದೆ. ನನಗೆ ಅದು ಇಷ್ಟವಿಲ್ಲ. ಕಂಪನಿಯ ಬಿಡಿಭಾಗ ಸಿಗದ ಕಾಲದಲ್ಲಿ, ಮೀಟರ್ ಕೂಡ ಇಲ್ಲದೆ, ಬಲ್ಬು ಮತ್ತು ಎರಡು ತುಂಡು ವೈರಿನ ಟೆಸ್ಟ್ ಲ್ಯಾಂಪ್ ಒಂದನ್ನೇ ಹಿಡಿದು ಇದನ್ನು ರಸ್ತೆಯ ಮೇಲೆ ಉಳಿಸಿದವರು ಅವರು. ಅವರು ಕೈಬಿಟ್ಟಿದ್ದರೆ ಗಾಡಿ ಗುಜರಿಗೆ ಹೋಗುತ್ತಿತ್ತು.

ಆದರೂ ಪಟ್ಟಿನ ಕೆಳಗಿನ ಗಾಯವನ್ನು ನೋಡಲೇಬೇಕು. ಟೇಪಿನಡಿಯಲ್ಲಿ ತಾಮ್ರ ಕಪ್ಪಾಗಿರುತ್ತದೆ, ಕೆಲವೆಡೆ ಹಸಿರು ಹುಡಿ. ಸ್ಟೀರಿಂಗ್ ಕತ್ತಿನ ಹತ್ತಿರ, ಹ್ಯಾಂಡಲ್ ತಿರುಗಿದಾಗಲೆಲ್ಲ ಬಾಗುವ ಜಾಗದಲ್ಲಿ, ಹೊರಗಿನ ಪ್ಲಾಸ್ಟಿಕ್ ಗಟ್ಟಿಯಾಗಿದ್ದರೂ ಒಳಗಿನ ಎಳೆಗಳು ತುಂಡಾಗಿರುತ್ತವೆ. ಇನ್ನು ಅರ್ತ್. ಹಳೆಯ ಗಾಡಿಗಳ ಕರೆಂಟಿನ ರೋಗಗಳಲ್ಲಿ ಬಹುಪಾಲು ಅರ್ತಿನ ರೋಗಗಳೇ. ಗಾಡಿಯ ಫ್ರೇಮೇ ಬ್ಯಾಟರಿಗೆ ವಾಪಸು ಹೋಗುವ ದಾರಿಯಾದ್ದರಿಂದ, ಫ್ರೇಮಿಗೆ ಚೆಂದದ ಪೌಡರ್ ಕೋಟಿಂಗ್ ಮಾಡಿಸಿದ ದಿನವೇ ಹೊಸ ತೊಂದರೆ ಹುಟ್ಟುತ್ತದೆ. ಆ ಬಣ್ಣ ಕರೆಂಟನ್ನು ಬಿಡುವುದಿಲ್ಲ. ಅರ್ತ್ ಬೋಲ್ಟ್ ಕೂರುವ ಜಾಗದಲ್ಲಿ ಬಣ್ಣವನ್ನು ಹೆರೆದು ಲೋಹ ಕಾಣಿಸಬೇಕು, ಹೊಸ ಬಣ್ಣದ ಮೇಲೆ ಎಮ್ರಿ ಕಾಗದ ಆಡಿಸಲು ಎಷ್ಟೇ ಸಂಕಟವಾದರೂ.

ಈ ಕೆಲಸದಲ್ಲಿ ನನಗೆ ದಾರಿ ತೋರಿಸಿದವರು ನಮ್ಮ ಬಡಾವಣೆಯ ಹಿರಿಯ ಆಟೋ ಎಲೆಕ್ಟ್ರಿಷಿಯನ್ ಒಬ್ಬರು. ಡೈನಮೋ ಕಾಲದವರು. ನಾನು ಮೀಟರನ್ನು ಬೀಪ್‌ಗೆ ಇಟ್ಟುಕೊಂಡು ಒಂದೊಂದೇ ವೈರನ್ನು ಪರೀಕ್ಷಿಸುತ್ತಿದ್ದೆ, ಎಲ್ಲವೂ ಬೀಪ್ ಅನ್ನುತ್ತಿದ್ದವು, ಲೈಟು ಮಾತ್ರ ಮಂಕು.

“ಅಣ್ಣಾ, ಎಲ್ಲಾ ವೈರೂ ಸರಿ ಇದೆ ಅಂತ ತೋರಿಸ್ತಿದೆಯಲ್ಲ?” ಅಂದೆ.

“ಬೀಪ್ ಅಂದ್ರೆ ದಾರಿ ಐತೆ ಅಂತ ಅಷ್ಟೇ ಸಾರ್. ಆ ದಾರೀಲಿ ಲಾರಿ ಹೋಗುತ್ತೋ ಸೈಕಲ್ ಹೋಗುತ್ತೋ ಅದು ಹೇಳಲ್ಲ. ಲೋಡ್ ಹಾಕಿ ನೋಡಿ.”

ಮೀಟರ್ ಬೀಪ್ ಮಾಡಲು ಕಳಿಸುವ ಕರೆಂಟ್ ತೀರಾ ಅಲ್ಪ. ಒಂದೇ ಎಳೆ ಉಳಿದ ವೈರಿನಲ್ಲೂ ಅದು ದಾಟಿಬಿಡುತ್ತದೆ. ಹೆಡ್‌ಲೈಟ್ ಹಾಕಿಟ್ಟು, ಮೀಟರನ್ನು ವೋಲ್ಟ್‌ಗೆ ತಿರುಗಿಸಿ, ಒಂದು ಕಡ್ಡಿಯನ್ನು ಬ್ಯಾಟರಿಯ ಅರ್ತ್ ತುದಿಗೂ ಇನ್ನೊಂದನ್ನು ಬಲ್ಬ್ ಹೋಲ್ಡರಿನ ಮೈಗೂ ಮುಟ್ಟಿಸಿದರೆ ನಿಜ ಗೊತ್ತಾಗುತ್ತದೆ. ಅಲ್ಲಿ ಹೆಚ್ಚುಕಡಿಮೆ ಸೊನ್ನೆ ಬರಬೇಕು. ಅರ್ಧ ವೋಲ್ಟ್ ತೋರಿಸಿದರೆ ಆ ಎರಡು ತುದಿಗಳ ನಡುವೆ ಎಲ್ಲೋ ಸೋರಿಕೆ ಇದೆ. ಆಮೇಲೆ ಕಡ್ಡಿಯನ್ನು ಹೆಡ್‌ಲೈಟ್ ಬುಟ್ಟಿಗೆ, ಫೋರ್ಕಿಗೆ, ಫ್ರೇಮಿಗೆ, ಅರ್ತ್ ಬೋಲ್ಟಿಗೆ ಎಂದು ಹಿಂದೆ ಹಿಂದೆ ತರಬೇಕು. ಯಾವ ಎರಡು ಜಾಗಗಳ ನಡುವೆ ಅಂಕಿ ತಟ್ಟನೆ ಬೀಳುತ್ತದೋ ರೋಗ ಅಲ್ಲಿದೆ.

ಗರಡಿಯವರು ಪಟ್ಟು ಬದಲಿಸುವುದು ಎನ್ನುವುದು ಇದನ್ನೇ ಎಂದು ನನಗೆ ಆಗ ಅನ್ನಿಸಿತು. ಬೀಪ್ ಎಂಬ ಹಿಡಿತ ಜಾರಿತು, ವೋಲ್ಟ್ ಎಂಬ ಹಿಡಿತ ಸಿಕ್ಕಿತು. ಎದುರಾಳಿ ಅದೇ, ಮೈಬಲ ಅಷ್ಟೇ. ಮನಸ್ಸಿನ ಕಸು ಒಂದು ಗಳಿಗೆಯ ಹಿಂದೆ ಬತ್ತಿಹೋಗಿತ್ತು, ಹೊಸ ಹಿಡಿತ ಸಿಕ್ಕಿದೊಡನೆ ವಾಪಸು ಬಂತು. ಇಂಥ ಕೆಲಸಕ್ಕೆ ಹುಮ್ಮಸ್ಸು ಉಳಿಸಿಕೊಳ್ಳುವುದು ಹೇಗೆ ಎಂದು ಕಿರಿಯ ಗೆಳೆಯರು ಕೇಳುತ್ತಿರುತ್ತಾರೆ. ಹುಮ್ಮಸ್ಸನ್ನು ಎಲ್ಲಿಂದಲೋ ಕಡ ತಂದು ಗಾಡಿಯ ಮುಂದೆ ಕೂರಲು ಆಗುವುದಿಲ್ಲ. ಅದು ಹಿಡಿತದಿಂದ ಹುಟ್ಟುತ್ತದೆ. ‘ಗಾಡಿಯ ವೈರಿಂಗ್ ಸರಿಮಾಡುತ್ತೇನೆ’ ಎಂದು ಕೂತವನಿಗೆ ಹಿಡಿಯಲು ಏನೂ ಸಿಗುವುದಿಲ್ಲ. ‘ಬ್ಯಾಟರಿಯಿಂದ ಫ್ಯೂಸಿನವರೆಗೆ ಎಷ್ಟು ವೋಲ್ಟ್ ಸೋರುತ್ತಿದೆ ನೋಡುತ್ತೇನೆ’ ಎಂದು ಕೂತವನಿಗೆ ಕಾಲು ಗಂಟೆಯಲ್ಲಿ ಉತ್ತರ ಸಿಗುತ್ತದೆ. ಉತ್ತರ ‘ಅಲ್ಲಿ ಏನೂ ತೊಂದರೆಯಿಲ್ಲ’ ಎಂದಿದ್ದರೂ ಅದು ಗಳಿಕೆಯೇ. ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಮುಂದಿನ ವಾರ ಅದೇ ಜಾಗವನ್ನು ಅನುಮಾನದಿಂದ ನೋಡುವ ಸುಸ್ತು ತಪ್ಪುತ್ತದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು ಎಂಬುದಕ್ಕೂ ಇದೇ ಕಾರಣ. ಕಾಯಿಲ್, ಕಂಡೆನ್ಸರ್, ಪ್ಲಗ್ ಮೂರನ್ನೂ ಒಟ್ಟಿಗೆ ಹೊಸದು ಹಾಕಿ ಗಾಡಿ ಸ್ಟಾರ್ಟ್ ಆದರೆ ಖುಷಿಯೇನೋ ಆಗುತ್ತದೆ, ಆದರೆ ಕೆಟ್ಟಿದ್ದು ಯಾವುದು ಎಂದು ಎಂದಿಗೂ ತಿಳಿಯುವುದಿಲ್ಲ.

ಕನ್ನಡದಲ್ಲಿ ಪಟ್ಟಿನ ಪಕ್ಕದಲ್ಲೇ ಹಠ ಇದೆ, ಛಲ ಇದೆ. ಎರಡೂ ಸಂಸ್ಕೃತದಿಂದ ಬಂದವು. ಸಂಸ್ಕೃತದಲ್ಲಿ ಛಲ ಎಂದರೆ ಕಪಟ. ನಾವು ಅದನ್ನು ತೆಗೆದುಕೊಂಡು ಮೆಚ್ಚುಗೆಯ ಪದವನ್ನಾಗಿ ಮಾಡಿಕೊಂಡೆವು. ಪಂಪನ ದುರ್ಯೋಧನ ನಮಗೆ ಛಲದಿಂದಲೇ ನೆನಪಾಗುತ್ತಾನೆ. ಛಲದಲ್ಲೊಂದು ಘನತೆಯಿದೆ, ನಿಜ. ಆದರೆ ಸೋಲು ಖಚಿತವಾದಾಗ ತೋರುವ ಘನತೆ ಅದು. ರಾತ್ರಿ ಹನ್ನೊಂದಕ್ಕೆ ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಪ್ಲಾಟಿನಂ ಪಾಯಿಂಟನ್ನು ಮತ್ತೆ ಮತ್ತೆ ಉಜ್ಜುವವನು ಛಲಗಾರ. ಸುಮಾರು 0.4 ಮಿಲಿಮೀಟರ್ ಇರಬೇಕಾದ ಪಾಯಿಂಟಿನ ಸಂದು ದಣಿದ ಕಣ್ಣಿಗೆ ಕಾಣುವುದೇ ಇಲ್ಲ. ಅವನು ಎದ್ದು ಮಲಗುವುದೇ ಒಳ್ಳೆಯ ಪಟ್ಟು. ಕೈಬಿಟ್ಟಂತೆ ಕಾಣುವ ಕ್ಷಣವೂ ಕುಸ್ತಿಯ ಭಾಗವೇ ಎಂದು ಪೈಲ್ವಾನರಿಗೆ ಗೊತ್ತಿದೆ.

ಕಾಯಿಸಿ ಹಿಡಿಯಬೇಕಾದ ರೋಗಗಳೂ ಇವೆ. ಕಂಡೆನ್ಸರ್ ಹದಗೆಟ್ಟಿದ್ದರೆ ತಣ್ಣಗಿರುವಾಗ ಗಾಡಿ ಒಂದೇ ಕಿಕ್ಕಿಗೆ ಹೊರಡುತ್ತದೆ. ಎಂಜಿನ್ ಕಾದ ಮೇಲೆ ಪಾಯಿಂಟಿನ ನಡುವೆ ಬೆಳ್ಳನೆಯ ದೊಡ್ಡ ಕಿಡಿ ಹಾರತೊಡಗುತ್ತದೆ, ಪ್ಲಗ್ಗಿನ ಕಿಡಿ ಸೊರಗುತ್ತದೆ, ಗಾಡಿ ಕೆಮ್ಮಿ ನಿಲ್ಲುತ್ತದೆ. ಮೆಕ್ಯಾನಿಕ್ ಬಳಿಗೆ ತಳ್ಳಿಕೊಂಡು ಹೋಗುವಷ್ಟರಲ್ಲಿ ಆರಿ ಸರಿಹೋಗಿರುತ್ತದೆ. ಇಂಥ ಗಾಡಿಯನ್ನು ಬೆಳಗಿನ ತಂಪಿನಲ್ಲಿ ಎಷ್ಟು ಹೊತ್ತು ನೋಡಿದರೂ ವ್ಯರ್ಥ. ಬೇಕೆಂದೇ ಓಡಿಸಿ, ಬಿಸಿ ಮಾಡಿ, ನಿಂತ ಜಾಗದಲ್ಲೇ ಜೇಬಿನಲ್ಲಿಟ್ಟುಕೊಂಡಿದ್ದ ಒಳ್ಳೆಯ ಕಂಡೆನ್ಸರನ್ನು ಹಾಕಿ ನೋಡಬೇಕು. ಗಾಡಿ ಕೆಡಲಿ ಎಂದು ಹಾರೈಸುತ್ತ ಚಾಮುಂಡಿ ಬೆಟ್ಟ ಹತ್ತುವುದು ವಿಚಿತ್ರವಾದ ಸುಖ.

ಇನ್ನೊಂದು ಪಟ್ಟಿದೆ, ನಿಘಂಟಿನಲ್ಲಿ ಬೇರೆಯೇ ನಮೂದು: ‘ಪಡು’ ಎಂಬ ಕ್ರಿಯಾಪದದ ‘ಪಟ್ಟು’. ಕಷ್ಟಪಟ್ಟು, ಸಂಕಟಪಟ್ಟು, ಆಸೆಪಟ್ಟು, ಹೆಮ್ಮೆಪಟ್ಟು. ಸುಖವೋ ದುಃಖವೋ ಮೈಮೇಲೆ ಬಂದದ್ದನ್ನು ಉಂಡೆ ಎನ್ನುವುದಕ್ಕೆ ನಮ್ಮಲ್ಲಿ ಇದು ಪ್ರತ್ಯಯದಂತೆ ಒದಗುತ್ತದೆ. ‘ಕಷ್ಟಪಟ್ಟು ಓದಬೇಡಿ, ಇಷ್ಟಪಟ್ಟು ಓದಿ’ ಎಂದು ಶಾಲೆಗಳ ವೇದಿಕೆಗಳಲ್ಲಿ ಹೇಳುತ್ತಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಈ ಕೆಲಸದಲ್ಲಿ ಕಷ್ಟವನ್ನು ತೆಗೆದುಹಾಕಿ ಇಷ್ಟವನ್ನಷ್ಟೇ ಉಳಿಸಿಕೊಳ್ಳಲು ಬರುವುದಿಲ್ಲ. ಬೆರಳು ಕಪ್ಪಾಗದೆ, ಬೆನ್ನು ಹಿಡಿಯದೆ ಆ ಗಾಡಿಯ ಮೇಲಿನ ಇಷ್ಟ ಇಷ್ಟು ಬಲಿಯುತ್ತಲೂ ಇರಲಿಲ್ಲ.

ಪದದ ಬಳಗದ ಬಗ್ಗೆ ಹೇಳದೆ ಬಿಡಲಾರೆ. ತೆಲುಗಿನ ‘ಪಟ್ಟು’ ಹಿಡಿ ಎಂದೇ ಆಗುತ್ತದೆ. ತಮಿಳಿನ ‘ಪಱ್ಱು’ ಕೂಡ ಹಿಡಿಯುವುದು, ಬೆಂಕಿ ಹೊತ್ತಿಕೊಳ್ಳುವುದಕ್ಕೂ ಅಲ್ಲಿ ಅದೇ ಪದ. ಅದೇ ಕುಲದ ಹಳಗನ್ನಡದ ‘ಪತ್ತು’ ನಮ್ಮ ಬಾಯಲ್ಲಿ ‘ಹತ್ತು’ ಆಯಿತು. ಬೆಂಕಿ ಹತ್ತಿತು, ದೀಪ ಹತ್ತಿತು ಅನ್ನುತ್ತೇವಲ್ಲ, ಆ ಹತ್ತು. ಧಾರವಾಡದ ಕಡೆಯ ಗ್ಯಾರೇಜಿನಲ್ಲಿ “ಲೈಟ್ ಹತ್ತವಲ್ದು” ಎಂದು ಹೇಳಿದವರು ಗರಡಿಯ ಪಟ್ಟಿನ ಒಡಹುಟ್ಟಿದ ಪದವನ್ನೇ ಆಡುತ್ತಿದ್ದಾರೆ. ಕೈ ಹಿಡಿಯುವುದು ಮತ್ತು ದೀಪ ಹಿಡಿದುಕೊಳ್ಳುವುದು ನಮ್ಮ ಹಿರಿಯರಿಗೆ ಒಂದೇ ಬೇರಿನ ಕೆಲಸಗಳಾಗಿದ್ದವು ಎಂಬುದು ನನಗೆ ತುಂಬ ಸಂತೋಷ ಕೊಡುವ ಸಂಗತಿ.

ಸದ್ಯ ನನ್ನ ಯೆಜ್ಡಿಯ ಹೆಡ್‌ಲೈಟ್ ಹತ್ತುತ್ತಿದೆ, ಕಾದ ಮೇಲೂ ಎಂಜಿನ್ ನಿಲ್ಲುತ್ತಿಲ್ಲ. ಹಾರ್ನ್ ಉಳಿದಿದೆ. ಹ್ಯಾಂಡಲನ್ನು ಎಡಕ್ಕೆ ತಿರುಗಿಸಿದಾಗ ಮಾತ್ರ ಕೂಗುತ್ತದೆ, ನೇರ ಇದ್ದಾಗ ಸುಮ್ಮನಿರುತ್ತದೆ. ಸ್ಟೀರಿಂಗ್ ಕತ್ತಿನೊಳಗೆ ಎಳೆ ತುಂಡಾಗಿರಬೇಕೆಂದು ಅನುಮಾನ. ಭಾನುವಾರ ಗುಂಡಿಯಿಂದ ಹಾರ್ನಿಗೆ ಹೊರಗಿನಿಂದಲೇ ಒಂದು ಬೇರೆ ವೈರ್ ಎಳೆದು ನೋಡುತ್ತೇನೆ. ಆಗ ಹ್ಯಾಂಡಲ್ ನೇರ ಇದ್ದಾಗಲೂ ಕೂಗಿದರೆ ಹಳೆಯ ವೈರನ್ನು ಬದಲಿಸಿದರಾಯಿತು. ಆಗಲೂ ಎಡಕ್ಕಷ್ಟೇ ಕೂಗಿದರೆ ತಪ್ಪು ಬೇರೆಲ್ಲೋ ಇದೆ, ಮೊದಲು ಗುಂಡಿಯನ್ನು ಬಿಚ್ಚಿ ಅದರ ಅರ್ತನ್ನು ನೋಡಬೇಕು.